ಗೋಡೆಯ ಫಲಕ, ಮೇಜಿನ ಮೇಲಿನ ಕಡತ



ಕಳೆದ ತಿಂಗಳು ನಮ್ಮ ಸಮಾಜದ ವಿದ್ಯಾಸಂಸ್ಥೆಯೊಂದರ ಆಡಳಿತ ಮಂಡಳಿಯ ಇಬ್ಬರು ಹಿರಿಯರು ನಮ್ಮ ಮನೆಗೆ ಬಂದಿದ್ದರು. ಅವರ ಹೊಸ ಕಟ್ಟಡದ ಕೆಲಸ ಮುಗಿಯುತ್ತ ಬಂದಿದೆ. ಮುಖ್ಯ ಬಾಗಿಲಿನ ಎದುರು ಕಪ್ಪು ಗ್ರಾನೈಟ್ ಕಲ್ಲು ನಿಲ್ಲಿಸಿ, ಅದರ ಮೇಲೆ ಸಂಸ್ಥೆಯ ಐದು ಮೌಲ್ಯಗಳನ್ನು ಕೆತ್ತಿಸಬೇಕೆಂದು ಅವರ ಆಸೆ. "ನೀವು ಸರ್ಕಾರಿ ಕೆಲಸದಾಗ ತಲಿ ಹಣ್ಣು ಮಾಡಿಕೊಂಡವರು, ಪತ್ರಿಕೆಗೂ ಬರೀತೀರಿ. ಆ ಐದು ಮಾತು ನೀವೇ ಬರೆದುಕೊಡಬೇಕ್ರೀ" ಎಂದರು. ಒಂದು ತಿಂಗಳು ಸಮಯ ಕೇಳಿದೆ. ಅವರಿಗೆ ಆಶ್ಚರ್ಯವಾಯಿತು. ಸತ್ಯ, ಶಿಸ್ತು, ಸಮಾನತೆ, ಕಾಯಕ, ದಾಸೋಹ ಎಂದು ಬರೆಯಲು ಐದು ನಿಮಿಷ ಸಾಕು. ಆದರೆ ನನ್ನ ಕೈ ಏಳಲಿಲ್ಲ. ಅದಕ್ಕೆ ಕಾರಣವನ್ನು ಅವರೊಬ್ಬರಿಗೇ ಹೇಳುವ ಬದಲು ನಿಮ್ಮೆಲ್ಲರ ಮುಂದೆ ಇಡುವುದು ಒಳ್ಳೆಯದೆನಿಸಿತು. ಇಂದು ಮಠಗಳ ಆಶ್ರಯದಲ್ಲಿ, ಸಮಾಜದ ಹೆಸರಿನಲ್ಲಿ ಶಾಲೆ, ಕಾಲೇಜು, ಪ್ರಸಾದನಿಲಯ, ಆಸ್ಪತ್ರೆ, ಪತ್ತಿನ ಸಹಕಾರ ಸಂಘಗಳು ಸಾವಿರಾರು ಜನರಿಗೆ ಕೆಲಸ ಕೊಟ್ಟಿವೆ. ಅಲ್ಲಿನ ಗೋಡೆಗಳ ಮೇಲೆ ಏನು ಬರೆದಿದೆ ಎಂಬುದು ನಮಗೆಲ್ಲ ಗೊತ್ತು. ಆ ಗೋಡೆಗಳ ಒಳಗೆ ಏನು ನಡೆಯುತ್ತದೆ ಎಂಬುದೇ ಪ್ರಶ್ನೆ.

ಬರೆದ ಮಾತಿಗೆ ಎಷ್ಟು ಬೆಲೆ ಎಂಬುದಕ್ಕೆ ಎರಡು ಉದಾಹರಣೆ ಸಾಕು. ಅಮೆರಿಕದ ಎನ್ರಾನ್ ಕಂಪನಿ ಗೌರವ, ಪ್ರಾಮಾಣಿಕತೆ, ಸಂವಹನ, ಶ್ರೇಷ್ಠತೆ ಎಂಬ ನಾಲ್ಕನ್ನು ತನ್ನ ಮೌಲ್ಯಗಳೆಂದು ಸಾರಿತ್ತು. 2000ದಲ್ಲಿ ಅದು ನೌಕರರಿಗೆ ಹಂಚಿದ ನೀತಿಸಂಹಿತೆ 64 ಪುಟಗಳಷ್ಟಿತ್ತು. 2001ರ ಡಿಸೆಂಬರ್‌ನಲ್ಲಿ ಸುಳ್ಳು ಲೆಕ್ಕಗಳ ಭಾರಕ್ಕೆ ಕಂಪನಿಯೇ ಕುಸಿದು ದಿವಾಳಿ ಅರ್ಜಿ ಹಾಕಿತು. ನಮ್ಮ ಪಕ್ಕದ ಹೈದರಾಬಾದಿನ ಕಂಪನಿಗಂತೂ ಹೆಸರೇ ಸತ್ಯಂ. 2008ರಲ್ಲಿ ಉತ್ತಮ ಆಡಳಿತಕ್ಕಾಗಿ ಅದಕ್ಕೆ ಪ್ರಶಸ್ತಿ ಬಂದಿತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷರೇ ಪತ್ರ ಬರೆದು, ಲೆಕ್ಕಪತ್ರದಲ್ಲಿ ತೋರಿಸಿದ ಐದು ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ಹಣ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಹೆಸರಿನಲ್ಲೇ ಸತ್ಯವಿದ್ದರೂ ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಜಾಗವಿರಲಿಲ್ಲ.

ದೂರದವರನ್ನು ಆಡಿಕೊಳ್ಳುವುದು ಸುಲಭ. ಹಾಗಾಗಿ ನನ್ನದನ್ನೂ ಹೇಳುತ್ತೇನೆ. ಇದನ್ನು ಈವರೆಗೆ ಎಲ್ಲಿಯೂ ಬರೆದಿಲ್ಲ.

ನಾನು ಕಾರ್ಯಪಾಲಕ ಇಂಜಿನಿಯರ್ ಆಗಿ ಬಯಲುಸೀಮೆಯ ಒಂದು ವಿಭಾಗಕ್ಕೆ ಬಂದಾಗ ಉತ್ಸಾಹ ಬಹಳ ಇತ್ತು. ವಿಧಾನಸೌಧದ ಮೇಲೆ ಕೆತ್ತಿದ "ಸರ್ಕಾರದ ಕೆಲಸ ದೇವರ ಕೆಲಸ" ಎಂಬ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಕಚೇರಿಯ ಮೆಟ್ಟಿಲ ಎದುರಿಗೆ ಹಾಕಿಸಿದೆ. ಪಕ್ಕದಲ್ಲಿ ಬಸವಣ್ಣನವರ ಭಾವಚಿತ್ರ. ಮೊದಲ ಸಭೆಯಲ್ಲಿ ಗುಣಮಟ್ಟದ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಎಲ್ಲರೂ ತಲೆದೂಗಿದರು.

ಕೆಲವು ತಿಂಗಳ ನಂತರ, ಫೆಬ್ರವರಿ ಕೊನೆಯ ವಾರ, ಒಬ್ಬ ಕಿರಿಯ ಇಂಜಿನಿಯರ್ ಬಾಗಿಲಲ್ಲಿ ನಿಂತ. ಕೆಲಸಕ್ಕೆ ಸೇರಿ ವರ್ಷವೂ ಆಗಿರದ ಹುಡುಗ. ಕಾಲುವೆಯ ಮೇಲಿನ ಒಂದು ಕಟ್ಟಡ ಕಾಮಗಾರಿಯ ಕ್ಯೂಬ್ ಪರೀಕ್ಷೆಯ ವರದಿ ಅವನ ಕೈಯಲ್ಲಿತ್ತು. "ಸರ್, 28 ದಿನದ ರಿಸಲ್ಟ್ ಬಂತ್ರೀ. ಮೂರೂ ಕ್ಯೂಬ್ ಕಮ್ಮಿ ಬಂದಾವ್ರೀ" ಎಂದ. ನಾನು ತಲೆಯೆತ್ತಿ ಕೇಳಿದ ಮೊದಲ ಪ್ರಶ್ನೆ, "ಹಂಗಾದ್ರ ಮಾರ್ಚ್ ಬಿಲ್ಲಿನ ಗತಿ ಏನ್ರೀ?"

ಅಷ್ಟೇ. ನಾನು ಬೈಯಲಿಲ್ಲ. ಸುಳ್ಳು ಬರೆಯೆಂದು ಹೇಳಲಿಲ್ಲ. ಲಂಚ ಮುಟ್ಟಲಿಲ್ಲ. "ನೋಡ್ರಿ, ಇನ್ನೊಮ್ಮೆ ಸರಿಯಾಗಿ ಟೆಸ್ಟ್ ಮಾಡಿಸ್ರಿ" ಎಂದೆ. ಅವನು ಹೋದ. ಮೂರು ದಿನದಲ್ಲಿ ಬೇರೆ ಕ್ಯೂಬುಗಳ ವರದಿ ಬಂತು. ಅಂಕಿ ಸರಿಯಾಗಿತ್ತು. ಬಿಲ್ಲು ಮಾರ್ಚ್ 31ರ ಒಳಗೆ ಪಾಸಾಯಿತು. ಅದಾದ ಮೇಲೆ ಎರಡು ವರ್ಷ ನನ್ನ ವಿಭಾಗದ ಪರೀಕ್ಷಾ ರಿಜಿಸ್ಟರಿನಲ್ಲಿ ಒಂದು ಕ್ಯೂಬೂ ಸೋಲಲಿಲ್ಲ. ಮೇಲಧಿಕಾರಿಗಳ ಸಭೆಯಲ್ಲಿ ನಾನು ಅದನ್ನು ಹೆಮ್ಮೆಯಿಂದ ಹೇಳಿಕೊಂಡೆ.

ಇಂಜಿನಿಯರ್ ಅಲ್ಲದ ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಕಾಂಕ್ರೀಟ್ ಹಾಕುವಾಗ ಅದೇ ಮಿಶ್ರಣದಿಂದ 15 ಸೆಂಟಿಮೀಟರಿನ ಮೂರು ಘನಗಳನ್ನು ಅಚ್ಚು ಹಾಕಿ, 28 ದಿನ ನೀರಿನಲ್ಲಿಟ್ಟು, ಯಂತ್ರದಲ್ಲಿ ಒತ್ತಿ ಒಡೆಯುತ್ತಾರೆ. ಎಷ್ಟು ಭಾರಕ್ಕೆ ಒಡೆಯಿತೋ ಅದು ಅದರ ಬಲ. ಕಾಂಕ್ರೀಟು ಕಾರ್ಖಾನೆಯ ಬಿಸ್ಕತ್ತಲ್ಲ. ಮರಳಿನ ತೇವ, ಜಲ್ಲಿಯ ಧೂಳು, ನೀರಿನ ಅಳತೆ, ಬಿಸಿಲು, ಮೇಸ್ತ್ರಿಯ ಕೈಗುಣ ಎಲ್ಲವೂ ಅದರಲ್ಲಿ ಸೇರುತ್ತವೆ. ಆದ್ದರಿಂದ ಅಂಕಿಗಳು ಏರಿಳಿಯುವುದೇ ಸಹಜ. ನಮ್ಮ ದೇಶದ ಸಂಹಿತೆ ಐ.ಎಸ್. 456 ಕಾಂಕ್ರೀಟಿನ ಲಾಕ್ಷಣಿಕ ಬಲವನ್ನು ಹೇಳುವಾಗಲೇ, ನೂರಕ್ಕೆ ಐದಕ್ಕಿಂತ ಹೆಚ್ಚು ಫಲಿತಾಂಶಗಳು ಇದಕ್ಕಿಂತ ಕೆಳಗೆ ಬೀಳಬಾರದು ಎಂದು ಲೆಕ್ಕ ಹಾಕಿದೆ. ಅಂದರೆ ಕೆಲವು ಕೆಳಗೆ ಬೀಳಬಹುದು ಎಂಬುದನ್ನು ಸಂಹಿತೆಯೇ ಒಪ್ಪಿದೆ. ಬಿದ್ದಾಗ ಏನು ಮಾಡಬೇಕೆಂಬುದನ್ನೂ ಹೇಳಿದೆ. ಅಂಥದ್ದರಲ್ಲಿ ಎರಡು ವರ್ಷ ಎಲ್ಲ ಅಂಕಿಗಳೂ 24, 24.5, 25 ಎಂದು ಶಾಲಾ ಮಕ್ಕಳು ಸಾಲಾಗಿ ನಿಂತಂತೆ ನಿಂತಿದ್ದರೆ ಅದು ಒಳ್ಳೆಯ ಕಾಂಕ್ರೀಟಲ್ಲ, ಸುಳ್ಳು ರಿಜಿಸ್ಟರ್. ಪರೀಕ್ಷೆಯ ಕ್ಯೂಬಿಗೆ ಬೇರೆ, ಗೋಡೆಗೆ ಬೇರೆ ಕಲಸುತ್ತಿದ್ದರು. ಇದನ್ನು ಗುರುತಿಸಲು ಬೇಕಾದ ವಿದ್ಯೆ ನನಗಿತ್ತು. ನೋಡುವ ಮನಸ್ಸು ಇರಲಿಲ್ಲ.

ಅವನು ವರ್ಗವಾಗಿ ಹೋಗುವ ದಿನ ನನ್ನನ್ನು ಕಾಣಲು ಬಂದಾಗ ಮೆಲ್ಲಗೆ ಹೇಳಿದ: "ಸರ್, ಆವತ್ತು ನೀವು ಕ್ಯೂಬ್ ಯಾಕ ಕಮ್ಮಿ ಬಂತು ಅಂತ ಕೇಳಿದ್ರ ಎಲ್ಲಾ ಹೇಳಬೇಕಂತ ಬಂದಿದ್ದೆ." ಮೆಟ್ಟಿಲ ಎದುರಿನ ಫಲಕವನ್ನು ಅವನು ದಿನವೂ ಓದಿದ್ದ. ಆದರೆ ಇಲಾಖೆಯ ನಿಜವಾದ ಮೌಲ್ಯ ಯಾವುದು ಎಂಬುದನ್ನು ಕಲಿತದ್ದು ನನ್ನ ಒಂದು ಪ್ರಶ್ನೆಯಿಂದ. ಅವನಿಂದ ಅದು ಉಳಿದವರಿಗೆ ತಲುಪಿತು. ಸಾಹೇಬರಿಗೆ ಬಿಲ್ಲು ಬೇಕು, ಕೆಟ್ಟ ಸುದ್ದಿ ಬೇಡ ಎಂದು ಇಡೀ ವಿಭಾಗ ತಿಳಿದುಕೊಂಡಿತು. ಯಾರೂ ಆದೇಶ ಹೊರಡಿಸಿರಲಿಲ್ಲ.

ಇದೇ ರೋಗ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಚಾಲೆಂಜರ್ ದುರಂತ ಸಾಕ್ಷಿ. 1986ರ ಜನವರಿ 28ರಂದು ಆ ಬಾಹ್ಯಾಕಾಶ ನೌಕೆ ಮೇಲೇರಿದ 73 ಸೆಕೆಂಡಿಗೆ ಛಿದ್ರವಾಗಿ ಏಳು ಮಂದಿ ಸತ್ತರು. ಹಿಂದಿನ ರಾತ್ರಿಯೇ ರಾಕೆಟ್ ತಯಾರಿಸಿದ ಕಂಪನಿಯ ಇಂಜಿನಿಯರುಗಳು, ಇಷ್ಟು ಚಳಿಯಲ್ಲಿ ಜೋಡಣೆಯ ರಬ್ಬರ್ ಉಂಗುರಗಳು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಉಡಾವಣೆ ಬೇಡ ಎಂದು ವಾದಿಸಿದ್ದರು. ಆ ಕಂಪನಿಯ ಹಿರಿಯ ಇಂಜಿನಿಯರೊಬ್ಬರಿಗೆ, ಇಂಜಿನಿಯರನ ಟೋಪಿ ತೆಗೆದು ವ್ಯವಸ್ಥಾಪಕನ ಟೋಪಿ ಹಾಕಿಕೊಳ್ಳಿ ಎಂಬ ಅರ್ಥದ ಸಲಹೆ ಬಂತು. ಅವರು ಹಾಕಿಕೊಂಡರು. ಹದಿನೇಳು ವರ್ಷಗಳ ನಂತರ, 2003ರ ಫೆಬ್ರವರಿ 1ರಂದು, ನಮ್ಮ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ ಮರಳುವಾಗ ಸುಟ್ಟುಹೋಯಿತು. ಟ್ಯಾಂಕಿನಿಂದ ಕಳಚಿದ ನೊರೆಯ ತುಂಡು ರೆಕ್ಕೆಗೆ ಬಡಿದಿತ್ತು. ಹಿಂದಿನ ಯಾನಗಳಲ್ಲೂ ನೊರೆ ಕಳಚಿತ್ತು. ಏನೂ ಆಗಿರಲಿಲ್ಲವಾದ್ದರಿಂದ ಅದು ಮಾಮೂಲಾಗಿಬಿಟ್ಟಿತ್ತು. ರೆಕ್ಕೆಯ ಚಿತ್ರ ತೆಗೆಸಿ ನೋಡೋಣ ಎಂದ ಇಂಜಿನಿಯರುಗಳ ಕೋರಿಕೆ ಮೇಲಕ್ಕೆ ಹೋಗಿ ನಿಂತಿತು. ತನಿಖಾ ಮಂಡಳಿ ತನ್ನ ವರದಿಯಲ್ಲಿ, ಈ ದುರಂತದಲ್ಲಿ ನೊರೆಯ ಪಾಲೆಷ್ಟೋ ಸಂಸ್ಥೆಯ ಸಂಸ್ಕೃತಿಯ ಪಾಲೂ ಅಷ್ಟೇ ಎಂದಿತು. ಸುರಕ್ಷತೆಯೇ ಮೊದಲು ಎಂಬುದು ಅಲ್ಲಿಯೂ ಎಲ್ಲರಿಗೂ ಬಾಯಿಪಾಠವಾಗಿತ್ತು.

ಹಾಗಾದರೆ ಮೌಲ್ಯ ಕೆಲಸದೊಳಗೆ ಇಳಿಯುವುದು ಹೇಗೆ? ನಾನು ನೋಡಿ, ಓದಿ, ಎಡವಿ ಕಲಿತ ನಾಲ್ಕು ಮಾತುಗಳನ್ನು ಹೇಳುತ್ತೇನೆ.

ಮೊದಲನೆಯದು, ನಾಯಕ ಕೇಳುವ ಮೊದಲ ಪ್ರಶ್ನೆ. ಪಾಲ್ ಓನೀಲ್ ಎಂಬುವರು 1987ರಲ್ಲಿ ಅಮೆರಿಕದ ಅಲ್ಕೋವಾ ಅಲ್ಯೂಮಿನಿಯಂ ಕಂಪನಿಯ ಮುಖ್ಯಸ್ಥರಾದರು. ಹಣ ಹೂಡಿದವರು ಲಾಭದ ಮಾತಿಗೆ ಕಾದಿದ್ದರೆ, ಅವರು ಕೆಲಸಗಾರರಿಗೆ ಗಾಯವಾಗಬಾರದು ಎಂಬುದೇ ನನ್ನ ಗುರಿ ಎಂದರು. ಹಾಗೆಂದು ಘೋಷಣೆ ಬರೆಸಿ ಸುಮ್ಮನಾಗಲಿಲ್ಲ. ಎಲ್ಲಿ ಗಾಯವಾದರೂ ಆ ಘಟಕದ ಮುಖ್ಯಸ್ಥ 24 ಗಂಟೆಯೊಳಗೆ ತಮಗೆ ತಿಳಿಸಬೇಕು, ಮತ್ತೆ ಆಗದಂತೆ ಏನು ಮಾಡುತ್ತೀರೆಂದೂ ಹೇಳಬೇಕು ಎಂದು ನಿಯಮ ಮಾಡಿದರು. ಇಪ್ಪತ್ತನಾಲ್ಕು ಗಂಟೆಯೊಳಗೆ ಮುಖ್ಯಸ್ಥನಿಗೆ ಗೊತ್ತಾಗಬೇಕಾದರೆ ಮೇಸ್ತ್ರಿ ಅವನಿಗೆ ಕೂಡಲೇ ಹೇಳಬೇಕು. ಮೇಸ್ತ್ರಿಗೆ ಕೆಲಸಗಾರ ಹೆದರದೆ ಹೇಳಬೇಕು. ಒಂದು ಪ್ರಶ್ನೆಯಿಂದ ಕೆಳಗಿನವರ ಬಾಯಿ ಮೇಲಿನವರ ಕಿವಿಗೆ ಸೇರಿತು. ಗಾಯದಿಂದ ಕೆಲಸದ ದಿನ ಕಳೆದುಕೊಳ್ಳುವ ಪ್ರಮಾಣ ನೂರು ಕೆಲಸಗಾರರಿಗೆ 1.86 ಇದ್ದದ್ದು 2000ದ ಹೊತ್ತಿಗೆ 0.2ಕ್ಕೆ ಇಳಿಯಿತು. ಮೆಕ್ಸಿಕೋದ ಕಾರ್ಖಾನೆಯೊಂದರಲ್ಲಿ ಕೆಲಸಗಾರರು ಅಸ್ವಸ್ಥರಾದದ್ದನ್ನು ಮೇಲಕ್ಕೆ ತಿಳಿಸದ ಹಿರಿಯ ಅಧಿಕಾರಿಯನ್ನು, ಅವನು ಲಾಭ ತರುವವನಾಗಿದ್ದರೂ, ಓನೀಲ್ ಮನೆಗೆ ಕಳಿಸಿದರು. ಆ ದಿನ ಉಳಿದವರು ಕಲಿತ ಪಾಠವನ್ನು ಯಾವ ತರಬೇತಿ ಶಿಬಿರವೂ ಕಲಿಸಲಾರದು.

ಎರಡನೆಯದು, ಕೆಟ್ಟ ಸುದ್ದಿ ತಂದವನಿಗೆ ಸಿಗುವ ಗೌರವ. ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ಕಾರುಗಳು ಸಾಲಾಗಿ ಚಲಿಸುವಾಗ ಪಕ್ಕದಲ್ಲಿ ಒಂದು ಹಗ್ಗ ಇರುತ್ತಿತ್ತು. ದೋಷ ಕಂಡರೆ ಯಾವ ಕೆಲಸಗಾರನಾದರೂ ಅದನ್ನು ಎಳೆಯಬಹುದು. ಮೇಲ್ವಿಚಾರಕ ಓಡಿ ಬರುತ್ತಾನೆ. ದೋಷ ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ಹಗ್ಗ ಕಟ್ಟುವುದು ಕಷ್ಟವಲ್ಲ. ಎಳೆದವನನ್ನು ಯಾರೂ ಗದರದೆ ಇರುವುದು ಕಷ್ಟ. ನಮ್ಮ ಸಂಸ್ಥೆಗಳಲ್ಲಿ ಸಲಹಾ ಪೆಟ್ಟಿಗೆಗಳಿಗೆ ಬರವಿಲ್ಲ. ಅವುಗಳ ಬೀಗದ ಕೈ ಎಲ್ಲಿದೆ ಎಂದು ಕೇಳಿ ನೋಡಿ.

ಮೂರನೆಯದು, ಮೌಲ್ಯಕ್ಕೆ ನಾಯಕನೇ ಬೆಲೆ ತೆರುವುದು. ಇ. ಶ್ರೀಧರನ್ ಅವರು ಕಟ್ಟಿಸಿದ ಕೊಂಕಣ ರೈಲು ನಮ್ಮ ಕಾರವಾರ, ಭಟ್ಕಳ, ಉಡುಪಿಗಳನ್ನು ಮುಂಬೈಗೆ ಜೋಡಿಸಿದೆ. ಮುಂದೆ ದೆಹಲಿ ಮೆಟ್ರೋ ಕಟ್ಟುವಾಗ ಉಳಿದ ದಿನಗಳನ್ನು ಎಣಿಸುವ ಹಿಮ್ಮುಖ ಗಡಿಯಾರಗಳನ್ನು ಅವರು ಹಾಕಿಸಿದ್ದು ಪ್ರಸಿದ್ಧ. ಗಡಿಯಾರ ಹಾಕುವುದನ್ನು ನಮ್ಮ ಅಧಿಕಾರಿಗಳೂ ಕಲಿತರು. ಆದರೆ 2009ರ ಜುಲೈ 12ರಂದು ದೆಹಲಿಯ ಜಮ್ರೂದ್‌ಪುರದಲ್ಲಿ ಕಟ್ಟುತ್ತಿದ್ದ ಸೇತುವೆ ಕುಸಿದು ಆರು ಮಂದಿ ಸತ್ತಾಗ ಅವರು ಮಾಡಿದ್ದನ್ನು ಎಷ್ಟು ಜನ ಕಲಿತರು? ಗುತ್ತಿಗೆದಾರನ ಮೇಲೆ ಹಾಕಿ ಜಾರಿಕೊಳ್ಳದೆ, ನೈತಿಕ ಹೊಣೆ ನನ್ನದೆಂದು ಅದೇ ದಿನ ರಾಜೀನಾಮೆ ಕೊಟ್ಟರು. ಮುಖ್ಯಮಂತ್ರಿಗಳು ಅದನ್ನು ಒಪ್ಪಲಿಲ್ಲ, ಅವರು ಮತ್ತೆ ಕೆಲಸಕ್ಕೆ ಮರಳಿದರು. ಕೆಳಗಿನವರು ನಾಯಕನ ಭಾಷಣವನ್ನು ಅಳೆಯುವುದಿಲ್ಲ. ತನಗೆ ನಷ್ಟ ಬರುವಾಗ ಅವನು ಯಾವ ಕಡೆ ನಿಲ್ಲುತ್ತಾನೆ ಎಂಬುದನ್ನು ಅಳೆಯುತ್ತಾರೆ.

ನಾಲ್ಕನೆಯದು, ಒಳ್ಳೆಯತನವನ್ನು ಒಬ್ಬ ಒಳ್ಳೆಯ ಮನುಷ್ಯನ ಮೇಲೆ ಬಿಡದೆ ದಿನದ ಪದ್ಧತಿಯಾಗಿ ಕಟ್ಟುವುದು. ಒಬ್ಬ ಅಧಿಕಾರಿ ವರ್ಗವಾದ ಮರುದಿನ ಕುಸಿಯುವುದು ಮೌಲ್ಯವಲ್ಲ, ಅವನ ಭಯ. ನಮ್ಮ ರಾಜ್ಯದ ಸಕಾಲ ಕಾಯ್ದೆ ಇದಕ್ಕೆ ಒಳ್ಳೆಯ ಉದಾಹರಣೆ. ಜನರ ಕೆಲಸ ಬೇಗ ಮಾಡಿಕೊಡಿ ಎಂದು ಉಪದೇಶಿಸುವ ಬದಲು, ಪ್ರತಿ ಸೇವೆಗೆ ಇಷ್ಟು ದಿನ ಎಂದು ಗಡುವು ಹಾಕಿ, ಅರ್ಜಿದಾರನಿಗೆ ಸಂಖ್ಯೆ ಕೊಟ್ಟು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವನ್ನು ಹೊಣೆಗಾರ ನೌಕರನಿಂದಲೇ ಕೊಡಿಸುವ ವ್ಯವಸ್ಥೆ 2012ರಲ್ಲಿ ಶುರುವಾಯಿತು. ಅದರಲ್ಲೂ ಸಂದು ಹುಡುಕುವವರಿದ್ದಾರೆ, ನಿಜ. ಆದರೂ ಅರ್ಜಿದಾರ ಕೈಮುಗಿದು ನಿಲ್ಲುವ ಬದಲು ಗಡುವು ತೋರಿಸಿ ಕೇಳುವಂತಾಯಿತು.

ಈ ನಾಲ್ಕನ್ನೂ ಕೇಳಿದ ಮೇಲೆ ನಮ್ಮವರಿಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಗದೆ ಇರದು. ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ತಂದಲ್ಲಿಗೇ ಮರಳಿಸಿ ಬನ್ನಿ ಎಂದು ಆ ತಾಯಿ ಹೇಳಿದ ಪ್ರಸಂಗವನ್ನು ನಾವು ಪ್ರವಚನಗಳಲ್ಲಿ ನೂರು ಸಲ ಕೇಳಿದ್ದೇವೆ. ಲಕ್ಕಮ್ಮನ ನಿಷ್ಠೆಯನ್ನು ಹೊಗಳಿ ಎದ್ದು ಬರುತ್ತೇವೆ. ನಾನು ಇಂಜಿನಿಯರನ ಕಣ್ಣಿನಿಂದ ಈ ಪ್ರಸಂಗದಲ್ಲಿ ಬೇರೆ ಎರಡು ಸಂಗತಿಗಳನ್ನು ನೋಡುತ್ತೇನೆ. ಆ ಮನೆಯಲ್ಲಿ ಹೆಂಡತಿ ಗಂಡನ ತಪ್ಪನ್ನು ಎದುರಿಗೇ ಹೇಳಬಹುದಿತ್ತು. ಹೇಳಿದ ಮೇಲೆ ಗಂಡ ವಾದಿಸದೆ ಅಕ್ಕಿಯನ್ನು ಮರಳಿಸಿದ. ಈ ಎರಡೂ ಇದ್ದುದರಿಂದಲೇ ಕಾಯಕ ಅಲ್ಲಿ ಬರಿಯ ಮಾತಾಗಲಿಲ್ಲ. ಕುಲ, ಹೆಣ್ಣು, ಗಂಡು ಎನ್ನದೆ ಯಾರು ಬೇಕಾದರೂ ಎದ್ದು ಪ್ರಶ್ನಿಸಬಹುದಾಗಿದ್ದ ಅನುಭವ ಮಂಟಪದ ವಾರಸುದಾರರು ನಾವು ಎನ್ನುತ್ತೇವೆ. ನಮ್ಮ ಸಂಸ್ಥೆಯ ಜವಾನ ಕಾರ್ಯದರ್ಶಿಗಳ ಎದುರು ಎದ್ದು ನಿಂತು, ಇದು ಸರಿಯಲ್ಲ ಎಂದು ಹೇಳಬಲ್ಲನೇ?

ಇಲ್ಲಿ ಕಹಿಯಾದದ್ದನ್ನು ಹೇಳಲೇಬೇಕು. ಶಿಕ್ಷಕರಿಂದ ಒಂದು ಸಂಬಳಕ್ಕೆ ಸಹಿ ಹಾಕಿಸಿ ಕೈಗೆ ಇನ್ನೊಂದು ಕೊಡುವ ಪದ್ಧತಿ ಖಾಸಗಿ ವಿದ್ಯಾಸಂಸ್ಥೆಗಳಲ್ಲಿ ಗುಟ್ಟಾಗಿ ಉಳಿದಿಲ್ಲ. ನೇಮಕಕ್ಕೆ ದೇಣಿಗೆ, ಪ್ರವೇಶಕ್ಕೆ ದೇಣಿಗೆ, ಆ ದೇಣಿಗೆಗೆ ರಸೀದಿಯಿಲ್ಲ. ನಮ್ಮ ಸಮಾಜದ ಸಂಸ್ಥೆಗಳೆಲ್ಲ ಇದರಿಂದ ಹೊರಗಿವೆ ಎಂದು ಎದೆ ಮುಟ್ಟಿ ಹೇಳುವವರು ಮುಂದೆ ಬರಲಿ, ಅವರ ಹೆಸರನ್ನು ಈ ಪುಟದಲ್ಲೇ ಸಂತೋಷದಿಂದ ಪ್ರಕಟಿಸುತ್ತೇವೆ. ಸುಳ್ಳು ಸಹಿ ಹಾಕಿ ತಿಂಗಳು ಶುರು ಮಾಡುವ ಶಿಕ್ಷಕಿ, ಬಸವ ಜಯಂತಿಯ ದಿನ ಮಕ್ಕಳಿಗೆ ಸತ್ಯಶುದ್ಧ ಕಾಯಕದ ಬಗ್ಗೆ ಏನೆಂದು ಹೇಳಬೇಕು? ಆಕೆ ಹೇಳುತ್ತಾಳೆ, ಮಕ್ಕಳು ಕೇಳುತ್ತಾರೆ. ಮಾತು ಬೇರೆ, ನಡೆ ಬೇರೆ ಎಂಬ ಪಾಠ ಹೀಗೆ ಇನ್ನೊಂದು ತಲೆಮಾರಿಗೆ ದಾಟುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಬೇರೆ ಇಲ್ಲ.

ಇಷ್ಟು ಬಿಗಿ ಮಾಡಿದರೆ ಸಂಸ್ಥೆ ನಡೆಯುವುದಿಲ್ಲ ಎನ್ನುವವರಿದ್ದಾರೆ. ಅವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅನುದಾನ ತಡವಾಗುತ್ತದೆ, ಕಟ್ಟಡಕ್ಕೆ ಹಣ ಬೇಕು, ಪೈಪೋಟಿ ಇದೆ. ನನಗೂ ಮಾರ್ಚ್ 31 ಇತ್ತು. ಆ ಹುಡುಗ ಹೋದ ಮೇಲೆ ನಾನು ಸಭೆಗಳಲ್ಲಿ ಬಿಲ್ಲಿನ ಪ್ರಶ್ನೆಯನ್ನು ಕೊನೆಗೆ ತಳ್ಳಿ, "ಈ ತಿಂಗಳು ಎಲ್ಲಿ ಕಮ್ಮಿ ಬಂತು?" ಎಂದು ಮೊದಲು ಕೇಳತೊಡಗಿದೆ. ಆರು ತಿಂಗಳು ಯಾರೂ ಬಾಯಿ ಬಿಡಲಿಲ್ಲ. ಕಳೆದುಕೊಂಡ ನಂಬಿಕೆ ಅಷ್ಟು ಬೇಗ ಬರುವುದಿಲ್ಲ. ಕೊನೆಗೆ ಒಬ್ಬ ಸಹಾಯಕ ಇಂಜಿನಿಯರ್ ಎದ್ದು, ತನ್ನ ಕಾಮಗಾರಿಯ ಒಂದು ತಡೆಗೋಡೆ ಸರಿಯಿಲ್ಲ ಎಂದರು. ಎಲ್ಲರ ಎದುರು ಅವರಿಗೆ ಕೈಮುಗಿದೆ. ಗೋಡೆಯನ್ನು ಒಡೆಸಿದೆವು. ಗುತ್ತಿಗೆದಾರ ತನ್ನ ಖರ್ಚಿನಲ್ಲಿ ಮತ್ತೆ ಕಟ್ಟಿದ. ಆ ವರ್ಷದ ಹಣ ಖರ್ಚಾಗದೆ ಹಿಂದಕ್ಕೆ ಹೋಯಿತು. ಮೇಲಿನವರಿಂದ ನನಗೆ ನೋಟಿಸು ಬಂತು. ಆದರೆ ಮರುವರ್ಷ ರಿಜಿಸ್ಟರಿನಲ್ಲಿ 19, 27, 22, 30 ಎಂದು ಏರಿಳಿಯುವ ಅಂಕಿಗಳು ಕಾಣತೊಡಗಿದವು. ನನ್ನ ಸೇವೆಯಲ್ಲಿ ನಾನು ನೋಡಿದ ಅತ್ಯಂತ ಒಳ್ಳೆಯ ರಿಜಿಸ್ಟರ್ ಅದು. ಅದನ್ನು ನೋಡಿ ಯಾವ ಕೆಲಸವನ್ನು ನಂಬಬಹುದು, ಯಾವುದನ್ನು ನಂಬಬಾರದು ಎಂದು ಹೇಳಬಹುದಿತ್ತು. ಹಿಂದಿನ ಎರಡು ವರ್ಷದ ಕಾಮಗಾರಿಗಳಲ್ಲಿ ಕೈಗೆ ಸಿಕ್ಕವನ್ನು ಮತ್ತೆ ಪರೀಕ್ಷೆ ಮಾಡಿಸಿ, ದುರ್ಬಲವಾದವನ್ನು ರಿಪೇರಿ ಮಾಡಿಸಿದೆ. ಎಲ್ಲವೂ ಕೈಗೆ ಸಿಗಲಿಲ್ಲ. ಆ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಈಗಲೂ ಕಿಟಕಿಯಿಂದ ಇಣುಕಿ ನೋಡುತ್ತೇನೆ.

ಇನ್ನು ಆ ಹಿರಿಯರಿಗೆ ನನ್ನ ಉತ್ತರ. ಕಲ್ಲು ಬಂದಿದ್ದರೆ ಇರಲಿ, ಕೆತ್ತನೆಯನ್ನು ಒಂದು ವರ್ಷ ಮುಂದೂಡಿ. ಈ ವರ್ಷದಲ್ಲಿ ಮೂರು ಕೆಲಸ ಮಾಡಿ. ಸಹಿ ಹಾಕಿಸಿಕೊಂಡ ಸಂಬಳವನ್ನು ಪೂರ್ತಿಯಾಗಿ ಬ್ಯಾಂಕ್ ಖಾತೆಗೆ ಹಾಕಿ, ಹಿಂದಕ್ಕೆ ಕೇಳಬೇಡಿ. ಪೂರ್ತಿ ಕೊಡಲು ಆಗದಿದ್ದರೆ ಆಗುವಷ್ಟಕ್ಕೇ ಸಹಿ ಹಾಕಿಸಿ, ಏಕೆ ಆಗದೆಂದು ಅವರನ್ನು ಕೂರಿಸಿಕೊಂಡು ಹೇಳಿ. ಮಂಡಳಿಯ ಪ್ರತಿ ಸಭೆಯಲ್ಲಿ ಫಲಿತಾಂಶ, ಪ್ರವೇಶ, ಕಟ್ಟಡ ಇವುಗಳಿಗಿಂತ ಮೊದಲು, ಈ ತಿಂಗಳು ಎಲ್ಲಿ ತಪ್ಪಾಯಿತು, ಅದನ್ನು ತಿಳಿಸಿದವರು ಯಾರು, ಅವರಿಗೆ ನಾವು ಏನು ಹೇಳಿದೆವು ಎಂಬ ವಿಷಯವನ್ನು ನಡಾವಳಿಯಲ್ಲಿ ಬರೆಯಿರಿ. ಮಂಡಳಿಯ ಸದಸ್ಯರ ಮಕ್ಕಳು, ಬಂಧುಗಳ ನೇಮಕ ಮತ್ತು ಪ್ರವೇಶಕ್ಕೆ ಉಳಿದವರಿಗಿರುವ ನಿಯಮವೇ ಇರಲಿ. ಅದರ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿ.

ವರ್ಷದ ಕೊನೆಗೆ ನಿಮ್ಮ ಜವಾನನನ್ನೂ ಅಡುಗೆಯ ಅಮ್ಮನನ್ನೂ ಹೊಸದಾಗಿ ಸೇರಿದ ಶಿಕ್ಷಕಿಯನ್ನೂ ಕರೆದು, ಈ ಸಂಸ್ಥೆಯಲ್ಲಿ ಯಾವುದಕ್ಕೆ ಬೆಲೆ ಇದೆ ಎಂದು ಕೇಳಿ. ಅವರು ಹೇಳಿದ ಮಾತುಗಳನ್ನೇ ಆ ಕಲ್ಲಿನ ಮೇಲೆ ಕೆತ್ತಿಸಿ. ಅವು ಕೆತ್ತಿಸುವಂತಿಲ್ಲದಿದ್ದರೆ ಕಲ್ಲು ಹಾಗೆಯೇ ಇರಲಿ. ಆಗ ನನಗೆ ಹೇಳಿ ಕಳಿಸಿ, ನಾನು ಬಂದು ನಿಮ್ಮ ಜೊತೆ ಕೂರುತ್ತೇನೆ.